ಬಿಸ್ಕತ್ತಿನ ಮೇಲೆ ಯಾಕೆ ಸಿಟ್ಟು?

ಫೆಬ್ರವರಿಯ ಎರಡನೆಯ ವಾರ ಬಂತೆಂದರೆ ನಮ್ಮಂಥ ಸಣ್ಣ ಊರುಗಳಲ್ಲೂ ಈಗ ಒಂದು ಹೊಸ ವಾಸನೆ. ಮಾವಿನ ಹೂವಿನ ಘಮದ ಜೊತೆಗೆ ಅಲ್ಲೊಂದು ಇಲ್ಲೊಂದು ಅಡಿಗೆಮನೆಯಿಂದ ಬೆಣ್ಣೆ, ಸಕ್ಕರೆ, ವೆನಿಲಾ ಸೇರಿ ಬೇಯುವ ವಾಸನೆ. ಕಾಲೇಜಿಗೆ ಹೋಗುವ ಹುಡುಗಿಯರು ಮೊಬೈಲಿನಲ್ಲಿ ನೋಡಿ ಕಲಿತು ಕೆಂಪು, ಬಿಳಿ, ಗುಲಾಬಿ ಬಣ್ಣದ ಸುರುಳಿ ಸುರುಳಿಯಾದ ಬೆಣ್ಣೆ ಬಿಸ್ಕತ್ತು ಮಾಡುತ್ತಾರೆ. 14ನೇ ತಾರೀಖು ಪ್ರೇಮಿಗಳ ದಿನವಲ್ಲವೇ! ಕೆಲವರು ಗೆಳತಿಯರಿಗೆ ಹಂಚುತ್ತಾರೆ. ಕೆಲವರು ಆರ್ಡರ್ ಹಿಡಿದು ನಾಲ್ಕು ಕಾಸು ಸಂಪಾದಿಸುತ್ತಾರೆ. ಕೆಲವರು ಒಬ್ಬನಿಗೆಂದೇ ಮಾಡುತ್ತಾರೆ. ಈ ಮೂರನೆಯವರ ಮೇಲೆ ಊರಿನ ಕಣ್ಣೆಲ್ಲ.

ಆ ವಾರ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ಸಂಜೆ ಲಲಿತಾ ಸಹಸ್ರನಾಮ ಮುಗಿಸಿ ಚಾಪೆ ಮಡಿಸುವ ಹೊತ್ತಿನಲ್ಲಿ, ತರಕಾರಿ ಗಾಡಿಯ ಸುತ್ತ, ಎಲ್ಲ ಕಡೆ ಒಂದೇ ಮಾತು. "ಮುದ್ದೆ ಕಟ್ಟೋಕೆ ಬರಲ್ಲ, ಇವಕ್ಕೆ ಹಾರ್ಟ್ ಬಿಸ್ಕತ್ತು ಬೇಕಂತೆ." "ನಮ್ಮ ಸಂಸ್ಕೃತಿ ಎಲ್ಲಿಗೆ ಬಂತು ನೋಡಿ." ಹೀಗೆನ್ನುವವರಲ್ಲಿ ಬಹುಪಾಲು ಹೆಂಗಸರೇ. ಸುಮಾರು ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಈ ಮಾತಿನ ಮೇಲೆ ಜಗಳವಿದೆ. ಆ ಜಗಳವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಆಪಾದನೆ, ಇದು ಪರದೇಶದ್ದು ಎಂಬುದು. ನಿಜ, ಪರದೇಶದ್ದೇ. ಹಾಗೆನ್ನುವವರ ಸಾರಿನಲ್ಲಿರುವ ಒಣಮೆಣಸಿನಕಾಯಿ, ಟೊಮ್ಯಾಟೊ, ಪಲ್ಯದಲ್ಲಿರುವ ಆಲೂಗಡ್ಡೆ ಇವೆಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ನಮ್ಮ ಹಾಸನ ಜಿಲ್ಲೆಯವರಂತೂ ಬಿಸ್ಕತ್ತನ್ನು ಪರಕೀಯ ಎನ್ನುವ ಹಾಗೆಯೇ ಇಲ್ಲ. ನಾಡಿನಲ್ಲೆಲ್ಲ ಹೆಸರಾದ ಅಯ್ಯಂಗಾರ್ ಬೇಕರಿಗಳ ಬೇರು ಈ ಜಿಲ್ಲೆಯ ಹಳ್ಳಿಗಳಲ್ಲಿದೆ. ಇಲ್ಲಿಂದ ಹೋದ ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಅವರ ಹಿಂದೆ ನೆಂಟರು, ಊರವರು ಹೋದರು. ಮೊಟ್ಟೆ ಮುಟ್ಟದೆ ಬನ್ನು, ಬ್ರೆಡ್ಡು, ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಮಾಡಿದರು. ಇಂಗ್ಲಿಷರ ತಿಂಡಿಯನ್ನು ನಾಮ ಹಾಕಿಕೊಂಡ ಮಡಿವಂತರೇ ಒಲೆಗೇರಿಸಿ ನಮ್ಮದನ್ನಾಗಿ ಮಾಡಿದರು. ಆಗ ಕೆಡದ ಸಂಸ್ಕೃತಿ ಒಬ್ಬ ಹುಡುಗಿಯ ಟ್ರೇಯಿಂದ ಕೆಡುತ್ತದೆಯೇ?

ಇನ್ನು ಆ ಸಂತನ ವಿಷಯ. ವ್ಯಾಲೆಂಟೈನ್ ಕ್ರೈಸ್ತರ ಸಂತ, ಅವನ ದಿನ ನಮಗೇಕೆ ಎನ್ನುವವರುಂಟು. ಅವನ ಬಗ್ಗೆ ಖಚಿತವಾಗಿ ತಿಳಿದದ್ದು ತೀರ ಕಡಿಮೆ ಎಂದು ರೋಮಿನ ಕ್ಯಾಥೊಲಿಕ್ ಚರ್ಚೇ 1969ರಲ್ಲಿ ತನ್ನ ಸಾರ್ವತ್ರಿಕ ಪಂಚಾಂಗದಿಂದ ಅವನ ದಿನವನ್ನು ಕೈಬಿಟ್ಟಿತು. ಚರ್ಚು ಬಿಟ್ಟದ್ದನ್ನು ನಾವು ಹಿಡಿದುಕೊಂಡು ಬೈಯುತ್ತಿದ್ದೇವೆ. 2023ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಫೆಬ್ರವರಿ 14ರಂದು ಹಸುವನ್ನು ಅಪ್ಪಿಕೊಳ್ಳಿರೆಂದು ಕರೆ ಕೊಟ್ಟು, ನಾಲ್ಕೇ ದಿನದಲ್ಲಿ ಅದನ್ನು ವಾಪಸು ಪಡೆಯಿತು. ಹಸು ಸಾಕಿದವರಿಗೆ ಗೊತ್ತು, ಗುರುತಿಲ್ಲದವರು ಅಪ್ಪಿಕೊಳ್ಳಲು ಹೋದರೆ ಅದು ಒದೆಯುತ್ತದೆ. ಅದರ ಬೆಣ್ಣೆಯನ್ನು ಬಿಸ್ಕತ್ತಿಗೆ ಹಾಕಿದರೆ ಮಾತ್ರ ಅದಕ್ಕೇನೂ ಬೇಸರವಿಲ್ಲ.

ಹಾಗೆಂದು "ನಮ್ಮಲ್ಲೂ ವಸಂತೋತ್ಸವ ಇತ್ತು, ಹರ್ಷನ ರತ್ನಾವಳಿ ನಾಟಕದಲ್ಲೇ ಮದನೋತ್ಸವ ಬರುತ್ತದೆ" ಎಂದು ವಾದಿಸುವವರ ಜೊತೆಗೂ ನಾನು ಸೇರುವುದಿಲ್ಲ. ಒಂದು ಹುಡುಗಿ ತನ್ನ ಮನೆಯಲ್ಲಿ ಬಿಸ್ಕತ್ತು ಮಾಡಲು ಏಳನೆಯ ಶತಮಾನದ ರಾಜನ ಅಪ್ಪಣೆ ಬೇಕೆ?

ಎರಡನೆಯ ಆಪಾದನೆ, ಇದು ಕೆಲಸವಿಲ್ಲದವರ ಕೆಲಸ ಎಂಬುದು. ಹೀಗೆನ್ನುವವರು ಒಮ್ಮೆ ಮಾಡಿ ನೋಡಲಿ. ಲೆಕ್ಕ ಸುಲಭ. ತೂಕದಲ್ಲಿ ಒಂದು ಪಾಲು ಪುಡಿ ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ಅಂದರೆ 100 ಗ್ರಾಂ ಸಕ್ಕರೆಗೆ 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ. ಕಷ್ಟವಿರುವುದು ಕೈಯಲ್ಲಿ. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಕರಗಿದರೆ ಬಿಸ್ಕತ್ತು ಓವನ್‌ನಲ್ಲಿ ದೋಸೆಯಂತೆ ಹರಡಿಕೊಳ್ಳುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿ ನೀರು ಹೆಚ್ಚು, ಚೆನ್ನಾಗಿ ಒತ್ತಿ ನೀರು ತೆಗೆಯಬೇಕು. ಹಿಟ್ಟನ್ನು ಚಪಾತಿಯ ಕಣಕದಂತೆ ನಾದಿದಿರೋ, ಕೆಟ್ಟಿತು. ನಾದಿದಷ್ಟೂ ಮೈದಾದ ಅಂಟು ಬಿಗಿಯಾಗುತ್ತದೆ, ಬಿಸ್ಕತ್ತು ಹಲ್ಲಿಗೆ ಕಲ್ಲಾಗುತ್ತದೆ. ಬೆರಳ ತುದಿಯಲ್ಲಿ ಒಟ್ಟುಗೂಡಿಸಿ ಬಿಟ್ಟುಬಿಡಬೇಕು. ನಮ್ಮ ತಲೆಮಾರಿನ ಕೈಗೆ ನಾದುವುದು ಗೊತ್ತು, ಬಿಡುವುದು ಗೊತ್ತಿಲ್ಲ.

ಆಮೇಲೆ ಸುರುಳಿ. ಹಿಟ್ಟನ್ನು ಎರಡು ಪಾಲು ಮಾಡಿ ಒಂದಕ್ಕೆ ಬಣ್ಣ ಸೇರಿಸಬೇಕು. ಎರಡನ್ನೂ ಬೇರೆ ಬೇರೆ ಲಟ್ಟಿಸಿ ಒಂದರ ಮೇಲೊಂದಿಟ್ಟು ಪತ್ರೊಡೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಬೇಕು. ನಡುವೆ ಗಾಳಿ ಸೇರಿದರೆ ಕತ್ತರಿಸುವಾಗ ಬಿಚ್ಚಿಕೊಳ್ಳುತ್ತದೆ. ಸುತ್ತಿದ್ದನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಕಾಲು ಅಂಗುಲ ದಪ್ಪಕ್ಕೆ ಕೊಯ್ದು, 160 ಡಿಗ್ರಿ ಶಾಖದಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಅಂಚು ಕೆಂಪಾಗುವ ಮುಂಚೆ ತೆಗೆಯಬೇಕು, ಇಲ್ಲದಿದ್ದರೆ ಬಣ್ಣವೆಲ್ಲ ಕಂದು. ಕರೆಂಟು ಯಾವಾಗ ಹೋಗುವುದೋ ತಿಳಿಯದ ಊರಿನಲ್ಲಿ ಈ ಹದಿನೈದು ನಿಮಿಷವೇ ಒಂದು ತಪಸ್ಸು. ಇಷ್ಟು ತಾಳ್ಮೆ, ಅಳತೆ, ಸಮಯದ ಲೆಕ್ಕ ಬಲ್ಲ ಹುಡುಗಿಯನ್ನು ಕೆಲಸಕ್ಕೆ ಬಾರದವಳು ಎನ್ನಲು ನಾಲಿಗೆ ಹೇಗೆ ಹೊರಳುತ್ತದೆ?

ಮೂರನೆಯದು ಬಣ್ಣದ ಮಾತು. ಇದರಲ್ಲಿ ಮಾತ್ರ ಹುರುಳಿದೆ. ನಮ್ಮ ದೇಶದ ಕಾನೂನು ತಿನಿಸಿನಲ್ಲಿ ಒಪ್ಪುವ ಕೃತಕ ಬಣ್ಣಗಳು ಎಂಟು, ಅವಕ್ಕೂ ಮಿತಿಯಿದೆ. ಪೇಟೆಯಲ್ಲಿ ಬಣ್ಣವೆಂದು ಸಿಗುವುದೆಲ್ಲ ಆ ಎಂಟರೊಳಗಿನದಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್ ಬಿ ಎಂಬ ಕಾರ್ಖಾನೆಯ ಬಣ್ಣವನ್ನೂ ನಿಷೇಧಿಸಬೇಕಾಯಿತು. ಆದ್ದರಿಂದ ಹುಡುಗಿಯರಿಗೆ ನಾನೂ ಹೇಳುತ್ತೇನೆ, ಬೀಟ್‌ರೂಟಿನ ರಸ ಬತ್ತಿಸಿ ಹಾಕಿ, ಚಿಟಿಕೆ ಅರಿಶಿನ ಹಾಕಿ. ಬೀಟ್‌ರೂಟಿನ ಕೆಂಪು ಶಾಖಕ್ಕೆ ಸ್ವಲ್ಪ ಮಂಕಾಗುತ್ತದೆ, ಆಗಲಿ. ಅರಿಶಿನ ಹಾಕಿದ ಹಿಟ್ಟಿಗೆ ಅಡಿಗೆ ಸೋಡಾ ತಗುಲಿಸಬೇಡಿ, ಕೆಂಪಾದೀತು. ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿ ಎತ್ತುವ ನಮಗೆ ಇದು ಹೊಸ ಪಾಠವೇನಲ್ಲ.

ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಮನೆಗಳ ಕೇಸರಿಭಾತಿಗೆ ಇಷ್ಟು ವರ್ಷ ಹಾಕಿದ ಆ ಕಿತ್ತಳೆ ಪುಡಿ ಯಾವ ಗಿಡದಲ್ಲಿ ಬೆಳೆದದ್ದು? ಅದನ್ನು ಯಾರಾದರೂ ಕೇಳಿದ್ದುಂಟೆ?

ಮಾತು ಇಲ್ಲಿಗೆ ಬರಬೇಕಾಗಿತ್ತು, ಬಂತು. ಹೆಣ್ಣು ನೋಡಲು ಬರುವ ದಿನ ನಮ್ಮ ಮನೆಗಳಲ್ಲಿ ಆಗುವುದು ಕೇಸರಿಭಾತು, ಉಪ್ಪಿಟ್ಟು. "ಹುಡುಗಿಯೇ ಮಾಡಿದ್ದು" ಎಂದು ತಾಯಿ ಹೆಮ್ಮೆಯಿಂದ ಹೇಳುತ್ತಾಳೆ. ಗುರುತು ಪರಿಚಯವಿಲ್ಲದ ಗಂಡಸಿನ ಮುಂದೆ ಹುಡುಗಿ ತಲೆತಗ್ಗಿಸಿ ತಟ್ಟೆ ಇಡುತ್ತಾಳೆ. ಅವನು ತಿಂದು, ಕೈತೊಳೆದು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾನೆ. ಅವನು ತಿಳಿಸದಿದ್ದರೆ ಇನ್ನೊಬ್ಬನಿಗೆ ಇನ್ನೊಂದು ಸಲ ರವೆ ಹುರಿಯಬೇಕು. ಇದನ್ನು ಯಾರೂ ನಾಚಿಕೆಗೇಡು ಎಂದಿಲ್ಲ. ಅದೇ ಹುಡುಗಿ ತಾನು ಬಲ್ಲ, ತನಗೆ ಮೆಚ್ಚಿಗೆಯಾದ ಒಬ್ಬನಿಗೆ ನಾಲ್ಕು ಬಿಸ್ಕತ್ತು ಕೊಟ್ಟರೆ ಊರು ಮೈಮೇಲೆ ಬರುತ್ತದೆ. ಎರಡೂ ಸಿಹಿ, ಎರಡಕ್ಕೂ ಬಣ್ಣ, ಎರಡೂ ಅವಳ ಕೈಯದೇ. ಯಾರಿಗೆ ಕೊಡಬೇಕೆಂದು ಒಂದರಲ್ಲಿ ಬೇರೆಯವರು ಗೊತ್ತುಮಾಡುತ್ತಾರೆ, ಇನ್ನೊಂದರಲ್ಲಿ ಅವಳೇ ಗೊತ್ತುಮಾಡುತ್ತಾಳೆ. ನಮ್ಮ ಸಿಟ್ಟೆಲ್ಲ ಇರುವುದು ಇಷ್ಟರ ಮೇಲೆ.

ನಮ್ಮ ಬೀದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಬಿ.ಕಾಂ. ಕೊನೆಯ ವರ್ಷ, ಇಪ್ಪತ್ತು ತುಂಬಿದೆ. ಮೊದಲು ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಬೇಯಿಸಿ ಮಾರಿ, ಕೂಡಿಟ್ಟ ದುಡ್ಡಿನಲ್ಲಿ ಓವನ್ ಕೊಂಡಳು. ಅಣ್ಣನ ಆಫೀಸಿನವರಿಗೆ ಕೇಕು ಮಾಡಿಕೊಟ್ಟಾಗ ಅವಳ ಅಪ್ಪ "ನನ್ನ ಮಗಳ ಕೈಗುಣ" ಎಂದು ಬೀಗುತ್ತಿದ್ದರು. ಕಳೆದ ಫೆಬ್ರವರಿಯಲ್ಲಿ ಒಂದು ಡಬ್ಬಿ ಬಿಸ್ಕತ್ತು ಬೇರೆ ಜಾತಿಯ ಸಹಪಾಠಿಯ ಕೈಸೇರಿತೆಂದು ತಿಳಿದ ಮಾರನೆಯ ದಿನ ಓವನ್ ಅಟ್ಟ ಸೇರಿತು, ಮೊಬೈಲು ಅಪ್ಪನ ಜೇಬು ಸೇರಿತು, ಕಾಲೇಜು ನಿಂತಿತು. ನಾನು ಮಾತನಾಡಲು ಹೋದೆ. ತಾಯಿ ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಬಿಸ್ಕತ್ತು ಮಾಡಿದ್ದಕ್ಕಲ್ಲ ಮಿಸ್. ಯಾರಿಗೆ ಕೊಟ್ಟಳು ಅನ್ನೋದಕ್ಕೆ." ಸಂಸ್ಕೃತಿ ಗಿಂಸ್ಕೃತಿ ಎಂದು ಸುತ್ತುಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ಅವರೊಬ್ಬರೇ. ಬಹಳ ಹೇಳಿದ ಮೇಲೆ ಪರೀಕ್ಷೆಗೆ ಮಾತ್ರ ಕಳಿಸಿದರು. ಅಣ್ಣ ಗೇಟಿನಲ್ಲಿ ಕಾಯುತ್ತಿದ್ದ. ಫಲಿತಾಂಶ ಬರುವ ಮೊದಲೇ ಹೆಣ್ಣು ನೋಡಲು ಬಂದರು. ಕೇಸರಿಭಾತು ಅವಳೇ ಮಾಡಿದಳು.

ವಯಸ್ಕರು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುವುದು ಅವರ ಹಕ್ಕು ಎಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಅದಕ್ಕೂ ಮುಂಚೆ, 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಎಳೆದಾಡಿ ಹೊಡೆದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಆಗ ನಮ್ಮ ಹೆಂಗಸರು "ಛೆ, ಹೀಗಾ ಹೊಡೆಯೋದು" ಎಂದರು. ಬೀದಿಯಲ್ಲಿ ಹೊಡೆದರೆ ಛೆ ಎನ್ನುವ ನಾವು ಮನೆಯೊಳಗೆ ಓವನ್ ಅಟ್ಟಕ್ಕೆ ಹೋದಾಗ ಸುಮ್ಮನಿರುತ್ತೇವೆ. ಬಹಳ ಸಲ ಏಣಿ ಹಿಡಿದುಕೊಳ್ಳುವವರೂ ನಾವೇ.

ಇಷ್ಟು ಹೇಳಿದ್ದಕ್ಕೆ ಹುಡುಗಿಯರು ಚಪ್ಪಾಳೆ ತಟ್ಟುವುದು ಬೇಡ. ಅವರ ಮೇಲೂ ನನಗೆ ಒಂದು ತಕರಾರಿದೆ. ಬಿಸ್ಕತ್ತು ಮಾಡಿದಿರಿ ಸರಿ, ಅವನೇನು ಮಾಡಿದ? 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ. ನಾಲ್ವರಲ್ಲಿ ಸುಮಾರು ಮೂವರು ಗಂಡಸರು ಆ ಕೆಲಸವನ್ನು ಮುಟ್ಟುವುದೇ ಇಲ್ಲ. ಹೀಗಿರುವಾಗ ಪ್ರೀತಿಯನ್ನೂ ಅಡಿಗೆಮನೆಯಿಂದಲೇ ಶುರುಮಾಡಿ, ಅದನ್ನೂ ನೀವೊಬ್ಬರೇ ಮಾಡಿದರೆ, ಮುಂದಿನ ನಲವತ್ತು ವರ್ಷದ ವೇಳಾಪಟ್ಟಿಗೆ ಈಗಲೇ ಸಹಿ ಹಾಕಿಕೊಟ್ಟಂತೆ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆಯಿದೆ. ಅಲ್ಲಿ ಫೆಬ್ರವರಿ 14ರಂದು ಹೆಂಗಸರು ಗಂಡಸರಿಗೆ ಚಾಕೊಲೇಟು ಕೊಡುವ ರೂಢಿ. ಮನಸ್ಸಿಗೆ ಬಂದವನಿಗೆ ಕೊಡುವುದಷ್ಟೇ ಅಲ್ಲ, ಆಫೀಸಿನ ಸಾಹೇಬರಿಗೆ, ಸಹೋದ್ಯೋಗಿಗಳಿಗೆಲ್ಲ ಕೊಡಬೇಕು. ಅದಕ್ಕೆ ಗಿರಿ ಚೊಕೊ ಎಂದು ಹೆಸರು, ಅಂದರೆ ಕರ್ತವ್ಯದ ಚಾಕೊಲೇಟು. ಗಂಡಸರು ತಿರುಗಿ ಕೊಡಲೆಂದು ಮಾರ್ಚ್ 14ನ್ನು ಅಲ್ಲಿಯ ಮಿಠಾಯಿ ವ್ಯಾಪಾರಿಗಳೇ ಹುಟ್ಟುಹಾಕಬೇಕಾಯಿತು. ಕಡೆಗೆ 2018ರಲ್ಲಿ ಗೋಡೈವಾ ಎಂಬ ಚಾಕೊಲೇಟು ಕಂಪನಿಯೇ ಪತ್ರಿಕೆಯಲ್ಲಿ ಪುಟದ ತುಂಬ ಜಾಹೀರಾತು ಹಾಕಿ, ಈ ಕರ್ತವ್ಯದ ಚಾಕೊಲೇಟು ಸಾಕು ಎಂದು ಕೇಳಿಕೊಂಡಿತು. ಇಷ್ಟಪಟ್ಟು ಕೊಡುವುದು ರೂಢಿಯಾಗಿ, ರೂಢಿ ಸಾಲವಾಗಿ, ಸಾಲ ತೀರಿಸುವವಳು ಹೆಂಗಸೇ ಆಗುವುದು ನಮಗೆ ಗೊತ್ತಿಲ್ಲದ ದಾರಿಯಲ್ಲ. ಬಾಗಿನ, ಉಡುಗೊರೆಗಳನ್ನು ಲೆಕ್ಕ ಬರೆದಿಟ್ಟುಕೊಂಡು ತೀರಿಸಿದವರೇ ನಾವು.

ಗಂಡುಹುಡುಗರಿಗೆ ಬೇಯಿಸಲು ಬರುವುದಿಲ್ಲ ಎನ್ನಬೇಡಿ. ಅಯ್ಯಂಗಾರ್ ಬೇಕರಿಗಳ ಒಲೆಯ ಮುಂದೆ ಬೆವರು ಸುರಿಸಿದವರು ಗಂಡಸರು. ಮದುವೆ ಮನೆಗಳಲ್ಲಿ ಸಾವಿರ ಹೋಳಿಗೆ ತಟ್ಟುವ ಅಡಿಗೆಯವರೂ ಗಂಡಸರು. ಕೂಲಿ ಬರುವುದಾದರೆ ಮೈದಾ ಅವರ ಕೈಗೆ ಅಂಟುತ್ತದೆ. ಪ್ರೀತಿಗಾದರೆ ಮಾತ್ರ ಅದು ಹೆಣ್ಣಿನ ಕೈಯೇ ಆಗಬೇಕು. ಈ ನ್ಯಾಯವನ್ನು ಒಪ್ಪಬೇಡಿ. ಡಬ್ಬಿ ಕೊಡುವ ಮುಂಚೆ ಅವನನ್ನು ಒಂದು ಸಲ ಹಿಟ್ಟು ಕಲಸಲು ಕೂರಿಸಿ. ನಾದಬೇಡ ಎಂದಾಗ ನಾದುವುದನ್ನು ಬಿಡುತ್ತಾನೋ ನೋಡಿ. ಕೊನೆಯಲ್ಲಿ ಟ್ರೇ ತೊಳೆಯುತ್ತಾನೋ, ಇಲ್ಲ ಸಿಂಕಿನಲ್ಲಿಟ್ಟು ಹೋಗುತ್ತಾನೋ ನೋಡಿ. ಜಾತಕ ಹೇಳದ ಸಂಗತಿಯನ್ನು ಆ ಟ್ರೇ ಹೇಳುತ್ತದೆ.

ತಾಯಂದಿರಿಗೆ ಕಡೆಯ ಮಾತು. ಮಗಳು ಬೆಣ್ಣೆ ಕೇಳಿದರೆ ಕೊಡಿ. ಯಾರಿಗೆ ಎಂದು ಕೇಳಿ, ತಪ್ಪಿಲ್ಲ. ಆದರೆ ಅವಳು ಹೆದರದೆ ಉತ್ತರ ಹೇಳುವ ಹಾಗೆ ಕೇಳಿ. ಹುಡುಗ ಎಂಥವನು, ಏನು ಓದುತ್ತಾನೆ, ಮಾತಿಗೆ ನಿಲ್ಲುತ್ತಾನೆಯೇ ಎಂದು ವಿಚಾರಿಸಿ. ಅವನಿಗೆ ಓದು ಮುಗಿಸು, ಕೆಲಸ ಹಿಡಿ ಎಂದು ಹೇಳಿ. ಅವಳಿಗೂ ಅದನ್ನೇ ಹೇಳಿ. ಹೆದರಿಸಿದರೆ ಬಿಸ್ಕತ್ತು ಮಾಡುವುದನ್ನು ಅವಳು ಬಿಟ್ಟಾಳು, ನಿಮಗೆ ಹೇಳುವುದನ್ನೂ ಬಿಡುತ್ತಾಳೆ. ಅವನು ಕೆಟ್ಟವನಾಗಿದ್ದರೆ ಆಗ ಅವಳಿಗೆ ಓಡಿ ಬರಲು ಒಂದು ಮನೆಯೂ ಉಳಿಯುವುದಿಲ್ಲ. ಮತ್ತೆ ಮನೆಯಲ್ಲಿ ಮಗನಿದ್ದರೆ ಅವನನ್ನೂ ಅಡಿಗೆಮನೆಗೆ ಕರೆಯಿರಿ. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ ಎಂಬ ಲೆಕ್ಕ ಅವನಿಗೂ ಬರಲಿ.