ಎತ್ತುಗಳು ಹೊಳೆ ಹಾಯ್ದ ಊರು: ಆಕ್ಸ್‌ಫರ್ಡ್

ಆಕ್ಸ್‌ಫರ್ಡ್ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಮಕ್ಕಳ ಮೇಜಿನ ಮೇಲಿನ ದಪ್ಪ ನಿಘಂಟು. ಆ ನಿಘಂಟಿಗೆ ಹೆಸರಿತ್ತ ಊರಿನ ಹೆಸರಾದರೋ ತೀರ ಒಕ್ಕಲುತನದ್ದು. ಎತ್ತುಗಳು ಹೊಳೆ ಹಾಯುವ ತಾವು ಎಂದು ಅದರರ್ಥ. ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿ, ಥೇಮ್ಸ್ ಮತ್ತು ಚಾರ್ವೆಲ್ ನದಿಗಳು ಕೂಡುವೆಡೆ ಈ ನಗರವಿದೆ.

ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಸ್ಥಾಪನೆಯ ದಿನವೆಂಬುದಿಲ್ಲ. 1096ರ ವೇಳೆಗೇ ಪಾಠಪ್ರವಚನ ನಡೆದಿತ್ತು. 1167ರ ಸುಮಾರಿಗೆ ಎರಡನೆಯ ಹೆನ್ರಿ ದೊರೆಯು ಆಂಗ್ಲ ವಿದ್ಯಾರ್ಥಿಗಳು ಪ್ಯಾರಿಸ್ಸಿಗೆ ಹೋಗಿ ಓದುವುದನ್ನು ನಿಷೇಧಿಸಲು, ಇಲ್ಲಿ ಓದುವವರ ಸಂಖ್ಯೆ ಬೆಳೆಯಿತು. ಮುಂದಿನ ಶತಮಾನದಲ್ಲಿ ಯೂನಿವರ್ಸಿಟಿ, ಬೇಲಿಯಲ್, ಮರ್ಟನ್ ಎಂಬ ಮೊದಲ ಕಾಲೇಜುಗಳು ಹುಟ್ಟಿದವು. ಈಗ ಅಂಥವು 40ರ ಸುಮಾರಿವೆ. ಪದವಿ ಕೊಡುವುದು ವಿಶ್ವವಿದ್ಯಾಲಯ. ಕಾಲೇಜು ವಾಸದ, ಊಟದ, ಗುರುವಿನೆದುರು ಕುಳಿತು ತಿದ್ದಿಸಿಕೊಳ್ಳುವ ಸ್ಥಳ. ಒಂದೊಂದಕ್ಕೂ ತನ್ನದೇ ಆಸ್ತಿ, ಗ್ರಂಥಭಂಡಾರ, ಹೆಚ್ಚಿನವಕ್ಕೆ ಪ್ರಾರ್ಥನಾಮಂದಿರ. ಪಂಕ್ತಿಯಲ್ಲಿ ಕುಳಿತುಂಡು ಓದಿದ ನಮ್ಮಂಥವರಿಗೆ ಈ ಏರ್ಪಾಡು ಅಪರಿಚಿತವೆನಿಸದು. 19ನೆಯ ಶತಮಾನದ ಉತ್ತರಾರ್ಧದವರೆಗೂ ಅಲ್ಲಿಯ ಅಧ್ಯಾಪಕರು ಸಾಮಾನ್ಯವಾಗಿ ಅವಿವಾಹಿತರಾಗಿಯೇ ಇರಬೇಕಿತ್ತು. ನಮ್ಮ ಗಿರೀಶ ಕಾರ್ನಾಡರು 1960ರ ದಶಕದ ಆರಂಭದಲ್ಲಿ ಓದಿದ ಕಾಲೇಜಿನ ಹೆಸರನ್ನು ಮ್ಯಾಗ್ಡಲೆನ್ ಎಂದು ಬರೆದು ‘ಮಾಡ್ಲಿನ್’ ಎಂದು ಉಚ್ಚರಿಸುವರು. ಇಂಗ್ಲಿಷಿನವರ ಬರವಣಿಗೆಯ ರೀತಿಯೇ ಹಾಗೆ!

1602ರಲ್ಲಿ ತೆರೆದ ಬಾಡ್ಲಿಯನ್ ಗ್ರಂಥಾಲಯದ ಪುಸ್ತಕಗಳನ್ನು ಹೊರಗೆ ಒಯ್ಯುವಂತಿಲ್ಲ. 1645ರಲ್ಲಿ ಸ್ವತಃ ಒಂದನೆಯ ಚಾರ್ಲ್ಸ್ ದೊರೆ ಒಂದು ಗ್ರಂಥವನ್ನು ಎರವಲು ಕೇಳಿದಾಗ ಗ್ರಂಥಪಾಲಕನು ನಿಯಮವನ್ನು ತೋರಿಸಿ ನಿರಾಕರಿಸಿದನು. ದೊರೆ ಮರುಮಾತಾಡಲಿಲ್ಲ. ಆಗ ಆ ಊರೇ ಅವನ ರಾಜಧಾನಿಯಂತಿದ್ದಿತೆಂಬುದನ್ನು ನೆನೆದರೆ ಇದರ ತೂಕ ತಿಳಿದೀತು.

ಆದರೆ ವಿದ್ಯೆಯಿದ್ದಲ್ಲೆಲ್ಲ ವಿವೇಕವಿತ್ತೆಂದು ಹೇಳಲಾಗದು. 1355ರ ಫೆಬ್ರವರಿ 10ರಂದು ಒಂದು ಪಾನಗೃಹದಲ್ಲಿ ಮದ್ಯ ಚೆನ್ನಾಗಿಲ್ಲವೆಂದು ವಿದ್ಯಾರ್ಥಿಗಳು ತೆಗೆದ ಜಗಳ ಊರಿಗೂ ವಿಶ್ವವಿದ್ಯಾಲಯಕ್ಕೂ ನಡುವಣ ಕಾಳಗವಾಯಿತು. ವಿಶ್ವವಿದ್ಯಾಲಯದ ಕಡೆ 63 ಮಂದಿ, ಊರವರಲ್ಲಿ 30ರಷ್ಟು ಜನ ಮಡಿದರೆಂದು ಹೇಳುವರು. ಅರಸನು ವಿಶ್ವವಿದ್ಯಾಲಯದ ಪಕ್ಷ ವಹಿಸಿದನು. ನಗರಾಧ್ಯಕ್ಷನು ವರ್ಷವರ್ಷವೂ ಆ ದಿನ ಪ್ರಾಯಶ್ಚಿತ್ತ ಪೂಜೆಗೆ ಬಂದು ತಲೆಗೊಂದು ಪೆನ್ನಿಯಂತೆ 63 ಪೆನ್ನಿ ತೆರಬೇಕಾಯಿತು. ಈ ಅವಮಾನ 1825ರವರೆಗೆ ನಡೆಯಿತು! ಊರೊಡನೆ ವಿಧಿಪೂರ್ವಕ ರಾಜಿಯಾದದ್ದು 1955ರಲ್ಲಿ.

ಬಾಗಿಲ ಕಾವಲು ಇನ್ನೂ ಬಿಗಿಯಾಗಿತ್ತು. 1581ರಿಂದ ಸೇರುವ ವಿದ್ಯಾರ್ಥಿಯು ಇಂಗ್ಲೆಂಡಿನ ಚರ್ಚಿನ 39 ಧರ್ಮಸೂತ್ರಗಳಿಗೆ ಒಪ್ಪಿ ಸಹಿ ಹಾಕಬೇಕಿತ್ತು. ಕ್ಯಾಥೊಲಿಕರು, ಯಹೂದ್ಯರು, ಬೇರೆ ಪಂಥದ ಕ್ರೈಸ್ತರು ಎಷ್ಟೇ ಮೇಧಾವಿಗಳಾಗಿದ್ದರೂ ಹೊರಗೇ. ಈ ಕಟ್ಟು 1854ರಲ್ಲಿ ಸಡಿಲವಾಗಿ, 1871ರಲ್ಲಿ ಬಹುಮಟ್ಟಿಗೆ ಅಳಿಯಿತು.

ಹೆಣ್ಣುಮಕ್ಕಳಿಗಾಗಿ ಮೊದಲ ಎರಡು ವಿದ್ಯಾನಿಲಯಗಳು ತೆರೆದದ್ದು 1879ರಲ್ಲಿ. ಆದರೂ ಪದವಿಯಿಲ್ಲ, ಪಾಠ ಕೇಳಬಹುದು, ಪರೀಕ್ಷೆ ಬರೆಯಬಹುದು, ಅಷ್ಟೇ. ನಾಸಿಕದಲ್ಲಿ ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿ 1889ರಲ್ಲಿ ಸೋಮರ್‌ವಿಲ್‌ಗೆ ಸೇರಿ, ವಿಶೇಷಾನುಮತಿ ಪಡೆದು 1892ರಲ್ಲಿ ಕಾನೂನು ಪರೀಕ್ಷೆಗೆ ಕುಳಿತರು. ಆ ಪರೀಕ್ಷೆ ಬರೆದ ಮೊದಲ ಮಹಿಳೆ ಅವರೇ. ತೇರ್ಗಡೆಯಾದರು, ಬರಿಗೈಯಲ್ಲಿ ಸ್ವದೇಶಕ್ಕೆ ಮರಳಿದರು, ಪರದೆಯೊಳಗಿನ ವಿಧವೆಯರ ಮತ್ತು ಅನಾಥ ಮಕ್ಕಳ ಆಸ್ತಿಯ ರಕ್ಷಣೆಗಾಗಿ ದಶಕಗಟ್ಟಲೆ ದುಡಿದರು. ಸ್ತ್ರೀಯರಿಗೆ ಪದವಿ ಕೊಡಲು ವಿಶ್ವವಿದ್ಯಾಲಯ ಒಪ್ಪಿದ್ದು 1920ರಲ್ಲಿ. ಸೊರಾಬ್ಜಿಯವರು ತಮ್ಮ ಪದವಿಯನ್ನು ಕೈಯಲ್ಲಿ ಹಿಡಿದದ್ದು 1922ರಲ್ಲಿ, ಪರೀಕ್ಷೆ ಬರೆದ 30 ವರ್ಷಗಳ ಮೇಲೆ. ಆಗ ಅವರಿಗೆ 55 ದಾಟಿತ್ತು.

ಅವರು ಓದಿದ ಸೋಮರ್‌ವಿಲ್ 1994ರಿಂದ ಗಂಡುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದೆ.