ಅಜ್ಜಿಯ ಪುಸ್ತಕ ಓದುವವರು ಯಾರು?

ಅಜ್ಜಿ ತೀರಿಕೊಂಡು ಮೊನ್ನೆಗೆ ಒಂದು ವರ್ಷವಾಯಿತು. ವರ್ಷದ ಪೂಜೆ ಮುಗಿಸಿ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ ಮನೆಗೆ ಬಂದೆವು. ಊಟದ ಹೊತ್ತಿಗೆ ನೆಂಟರ ಬಾಯಲ್ಲೆಲ್ಲ ಒಂದೇ ಮಾತು: "ಅವರ ಕಾಲದ ವಿಶ್ವಾಸ ಈಗ ಎಲ್ಲುಂಟು?" ಹಾಗೆ ಹೇಳಿದವರಲ್ಲಿ ನನ್ನ ವಯಸ್ಸಿನವರೂ ಇದ್ದರು. ನನಗೆ ಸ್ವಲ್ಪ ಸಿಟ್ಟು ಬಂತು. ಅಜ್ಜಿಯ ವಿಶ್ವಾಸವನ್ನು ಹೊಗಳುವುದು ಸುಲಭ, ಅದಕ್ಕೆ ಖರ್ಚಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ನನ್ನ ಮೇಲಿನದ್ದೇ.

ಅಜ್ಜಿ ಹುಟ್ಟಿದ್ದು 1934ರಲ್ಲಿ, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿ. ಮದುವೆಯಾಗಿ ಬಂದ ಮನೆಯಲ್ಲೇ ಕೊನೆಯವರೆಗೂ ಇದ್ದರು. ಮನೆ ಬದಲಾಗಲಿಲ್ಲ, 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು. ಏಳು ಮಕ್ಕಳು, ಬೆಳೆದದ್ದು ಆರು. ಅಜ್ಜನ ಗೇಣಿ ಗದ್ದೆಯಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಹಾಗಾಗಿ ಬೀಡಿ ಕಟ್ಟಿದರು. ಜಪಸರ ಹಿಡಿಯಲು ಕೈ ಖಾಲಿ ಇರುತ್ತಿರಲಿಲ್ಲವಾದ್ದರಿಂದ ಬೀಡಿಯನ್ನೇ ಮಣಿ ಮಾಡಿಕೊಂಡಿದ್ದರು. ಒಂದು ಬೀಡಿಗೆ ಒಂದು ನಮೋ ಮರಿಯಾ, ಹತ್ತಾದರೆ ಒಂದು ರಹಸ್ಯ. ಇಪ್ಪತ್ತೈದರ ಎರಡು ಕಟ್ಟು ಮುಗಿಯುವಾಗ ಐದು ರಹಸ್ಯವೂ ಮುಗಿಯುತ್ತಿತ್ತು. ಹೊಗೆಸೊಪ್ಪಿನ ಕೈಯಲ್ಲಿ ಪ್ರಾರ್ಥನೆ ಮಾಡಬಹುದಾ ಎಂದು ಪಾಪನಿವೇದನೆಯಲ್ಲಿ ಕೇಳಿದ್ದರಂತೆ. ಗುರುಗಳು ಏನು ಹೇಳಿದರೆಂದು ನಮಗೆ ಯಾವತ್ತೂ ಹೇಳಲಿಲ್ಲ. ಬೀಡಿಯನ್ನೂ ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ.

ಅವರ ಚಿಕ್ಕಂದಿನಲ್ಲಿ ಪೂಜೆ ಲತೀನಿನಲ್ಲಿ. ಎರಡನೇ ವತಿಕಾನ್ ಮಹಾಸಭೆಯ ನಂತರ ಕೊಂಕಣಿಯಲ್ಲಿ ಪೂಜೆ ಶುರುವಾದಾಗ ಖುಷಿಯಾಯಿತಾ ಎಂದು ಒಮ್ಮೆ ಕೇಳಿದ್ದೆ. "ಹೆದರಿಕೆ ಆಯಿತು. ಅಷ್ಟು ವರ್ಷ ದೇವರಿಗೆ ಏನೆಲ್ಲ ಮಾತು ಕೊಟ್ಟಿದ್ದೆ ಅಂತ ಆಗಲೇ ಗೊತ್ತಾದದ್ದು" ಎಂದಿದ್ದರು.

ಮರಣದ ದಿನ ಯಾರೂ ಹೇಳದ ಒಂದು ವಿಷಯವಿದೆ. ಎರಡನೇ ಮಗ ಇಪ್ಪತ್ತೆರಡರ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದ. ಆಮೇಲೆ ಮೂರು ತಿಂಗಳು ಅಜ್ಜಿ ಮನೆಯಲ್ಲಿ ತೆರ್ಸ್ ಹೇಳಿಸಲಿಲ್ಲ. ಆಲ್ತಾರಿನ ಮುಂದೆ ಕುಳಿತುಕೊಳ್ಳುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಅಜ್ಜನೇ ತಪ್ಪುತ್ತಾ ತಡವರಿಸುತ್ತಾ ಹೇಳಿಸಿದರು. "ದೇವರ ಮೇಲೆ ಅಲ್ಲದೆ ಇನ್ನು ಯಾರ ಮೇಲೆ ಸಿಟ್ಟು ಮಾಡಲಿ? ನಿನ್ನ ಅಜ್ಜನಿಗೆ ಮೊದಲೇ ಬಿಪಿ." ಇದನ್ನು ನನಗೆ ಹೇಳಿದಾಗ ಅವರಿಗೆ ಎಂಬತ್ತು ದಾಟಿತ್ತು. ನಾವು ಅಜ್ಜಿಯಂದಿರನ್ನು ಹೊಗಳುವಾಗ ಇಂಥದ್ದನ್ನು ಮುಚ್ಚಿಡುತ್ತೇವೆ. ಯಾಕೆ? ಪ್ರಾರ್ಥನೆ ಬಾಯಿಗೆ ಬಾರದ ದಿನಗಳು ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ಅಂಥ ಒಬ್ಬ ಹುಡುಗನಿಗೆ ಅಜ್ಜಿಯ ಆ ಮೂರು ತಿಂಗಳು, ತಪ್ಪದೆ ಹೇಳಿದ ಸಾವಿರ ಜಪಸರಕ್ಕಿಂತ ಹೆಚ್ಚು ಉಪಕಾರ ಮಾಡೀತು ಎಂದು ನನ್ನ ನಂಬಿಕೆ.

ಇನ್ನು ಪುಸ್ತಕದ ವಿಷಯ. ಅಜ್ಜಿ ಓದಿದ್ದು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ. ಕೊಂಕಣಿ ಮಾತಾಡುವ ಮನೆ, ಆದರೆ ಅಕ್ಷರ ಕನ್ನಡದ್ದು. 1938ರಿಂದ ಮಂಗಳೂರಿನಲ್ಲಿ ಅಚ್ಚಾಗುತ್ತಿರುವ ರಾಕ್ಣೊ ವಾರಪತ್ರಿಕೆ, ಪ್ರಾರ್ಥನೆಯ ಪುಸ್ತಕ, ಗಾಯನದ ಪುಸ್ತಕ ಎಲ್ಲವೂ ಕನ್ನಡ ಲಿಪಿಯ ಕೊಂಕಣಿಯಲ್ಲಿ. ನನ್ನನ್ನು ಕನ್ನಡ ಮೀಡಿಯಂಗೆ ಸೇರಿಸಿದ್ದು ಅಜ್ಜಿಯ ಹಟ. ಅತ್ತೆ, ಚಿಕ್ಕಪ್ಪಂದಿರ ಮಕ್ಕಳು ಇಂಗ್ಲಿಷಿಗೋ ಮಲಯಾಳಕ್ಕೋ ಹೋದರು. ಅದಕ್ಕೆ ಅವರನ್ನು ದೂರುವುದಿಲ್ಲ. ಕೇರಳದಲ್ಲಿ ಇದ್ದುಕೊಂಡು ಕೆಲಸ ಹುಡುಕಬೇಕಾದವರ ಲೆಕ್ಕ ಬೇರೆ. ನನಗೇ ಕಾಲೇಜಿನಲ್ಲಿ ಇಂಗ್ಲಿಷ್ ತೊದಲುವಾಗ ಅಜ್ಜಿಯ ಮೇಲೆ ಸಿಟ್ಟಿತ್ತು.

ಕೊನೆಯ ಎರಡು ವಾರ ಅಜ್ಜಿ ಹಾಸಿಗೆಯಲ್ಲೇ. ಕಣ್ಣು ಮಂದ, ಪುಸ್ತಕ ಮಾತ್ರ ತಲೆದಿಂಬಿನ ಹತ್ತಿರ. "ಯಾರಾದರೂ ಓದಿ" ಅಂದರು. ಮೊಮ್ಮಕ್ಕಳು ಹನ್ನೊಂದು ಮಂದಿ. ಅಕ್ಷರ ಬಲ್ಲವರು ಇಬ್ಬರು, ಅದರಲ್ಲಿ ಒಬ್ಬಳು ಬಹರೈನಿನಲ್ಲಿ. ನಾನು ಮಂಗಳೂರಿನಿಂದ ಬರುವಷ್ಟರಲ್ಲಿ ತಮ್ಮನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಯೂಟ್ಯೂಬಿನಲ್ಲಿ ತೆರ್ಸ್ ಹಾಕಿ ಫೋನನ್ನು ದಿಂಬಿನ ಬಳಿ ಇಟ್ಟಿದ್ದ. ಅಜ್ಜಿ ಮರ್ಯಾದೆಯಿಂದ ಪೂರ್ತಿ ಕೇಳಿದರಂತೆ. ಮುಗಿದ ಮೇಲೆ, "ಈಗ ಬೆಸಾಂವ್ ಯಾರಿಗೆ ಕೊಡಲಿ?" ಎಂದು ಕೇಳಿದರಂತೆ.

ತೆರ್ಸ್ ಆದ ಮೇಲೆ ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳುವುದು ನಮ್ಮ ಮನೆಗಳ ರೂಢಿ. ಅದಕ್ಕೆ ಎದುರಿಗೊಂದು ತಲೆ ಬೇಕು. ಆ ವರ್ಷವಿಡೀ ನಾನು ಮನೆಗೆ ಬಂದಾಗಲೆಲ್ಲ ತೆರ್ಸಿನ ಹೊತ್ತಿಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಅಂಗಳಕ್ಕೆ ಹೋಗಿದ್ದೆ. ಇದನ್ನು ಹೇಳಿಕೊಳ್ಳದೆ ಬೇರೆಯವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಕೊನೆಯ ಆರು ರಾತ್ರಿ ಓದಿದೆ. ತಪ್ಪು ಓದಿದಲ್ಲಿ ಬೆರಳು ಎತ್ತುತ್ತಿದ್ದರು.

ಸಂತ ಪೌಲರು ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ ಅವನ ಅಜ್ಜಿ ಲೋವಿಯ ಹೆಸರು ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ 'ಅಜ್ಜಿ' ಎಂಬ ಪದ ಇರುವುದು ಅದೊಂದೇ ಕಡೆ. ಆದರೆ ಪೌಲರು ಅಜ್ಜಿಯನ್ನು ಹೊಗಳಿ ಸುಮ್ಮನಾಗುವುದಿಲ್ಲ, ಮುಂದಿನ ವಾಕ್ಯದಲ್ಲೇ ತಿಮೊಥೆಯನಿಗೆ ಕೆಲಸ ಹಚ್ಚುತ್ತಾರೆ. 2021ರಿಂದ ಜುಲೈಯ ನಾಲ್ಕನೇ ಭಾನುವಾರ ಅಜ್ಜ ಅಜ್ಜಿಯರ ದಿನವೆಂದು ಪೋಪ್ ಫ್ರಾನ್ಸಿಸ್ ಗೊತ್ತುಮಾಡಿದ್ದಾರೆ. ನಾವು ಶಾಲು ಹೊದಿಸಿ, ತಿಂಡಿ ಕೊಟ್ಟು, ಫೋಟೋ ತೆಗೆಯುತ್ತೇವೆ. ಬೇಡವೆನ್ನುವುದಿಲ್ಲ. ಆದರೆ ಸೋಮವಾರ ಅವರ ಪುಸ್ತಕ ಓದಿಕೊಡುವವರು ಯಾರು?

"ದೇವರಿಗೆ ಮಲಯಾಳ ಬರುವುದಿಲ್ಲವಾ? ಇದು ಭಾಷಾಭಿಮಾನ" ಎಂದು ನಮ್ಮ ಯುವ ಘಟಕದ ಗೆಳೆಯನೊಬ್ಬ ಕೇಳಿದ. ದೇವರಿಗೆ ಬರುತ್ತದೆ. ಮಲಯಾಳ ಪೂಜೆಗೆ ನಾನೇ ಕೊಯರಿನಲ್ಲಿ ಹಾಡುತ್ತೇನೆ. ತೊಂದರೆ ದೇವರದ್ದಲ್ಲ, ತೊಂಬತ್ತರ ಮುದುಕಿಯದ್ದು. ಅವರು ಈ ವಯಸ್ಸಿನಲ್ಲಿ ನಮ್ಮ ಕಡೆಗೆ ಬರಲಾರರು, ನಾವೇ ಹೋಗಬೇಕು. ಮಲಯಾಳ ಓದಬಲ್ಲ ಹುಡುಗರಿಗೆ ಕನ್ನಡ ಅಕ್ಷರ ದೊಡ್ಡ ಬೆಟ್ಟವಲ್ಲ. ಸ್ವರ ವ್ಯಂಜನಗಳ ಸಾಲು ಅದೇ, ರೂಪ ಮಾತ್ರ ಬೇರೆ. ದೊತೊರ್ನ್ ಕ್ಲಾಸಿನ ನಂತರ ಅರ್ಧ ಗಂಟೆ ಕೂತರೆ ಕಲಿಯಬಹುದು. ಅತ್ತೆಯ ಮಗಳು ಈಸ್ಟರಿನ ನಂತರ ಶುರುಮಾಡಿದಳು, ಮೊಂತಿ ಹಬ್ಬದ ದಿನ ತೆನೆಯ ಊಟಕ್ಕೆ ಮೊದಲು ಅಜ್ಜಿಯ ಪುಸ್ತಕದಿಂದ ಅವಳೇ ಓದಿದಳು. ಒತ್ತಕ್ಷರಗಳಲ್ಲಿ ಎಡವಿದಳು, ಯಾರೂ ನಗಲಿಲ್ಲ.

ಈಗ ನಾನೂ ಅವಳೂ ಎರಡು ವಾರಕ್ಕೊಮ್ಮೆ ನಮ್ಮ ವಾಳೆಯ ಮೂರು ಮನೆಗಳಿಗೆ ಹೋಗುತ್ತೇವೆ. ಮೊದಲ ಮನೆಯ ಅಜ್ಜಿಗೆ ಎಂಬತ್ತೇಳು ವರ್ಷ. ಪ್ರಾರ್ಥನೆಯ ಪುಸ್ತಕ ತೆರೆದು ಕೂತಾಗ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಅದು ನನಗೆ ಬಾಯಿಪಾಠ. ಮೊದಲು ಪೇಪರಿನಲ್ಲಿ ಸತ್ತವರ ಪುಟ ಓದು. ಯಾರಿಗೋಸ್ಕರ ಪ್ರಾರ್ಥನೆ ಮಾಡಬೇಕು ಅಂತ ಗೊತ್ತಾಗಲಿ."