ಹೀಟರ್ ಕೊಳ್ಳುವ ಮುನ್ನ ಒಂದು ಲೆಕ್ಕ

ಮಕ್ಕಳೇ, ಮತ್ತು ಮಕ್ಕಳ ಕೈಲಿ ಇದನ್ನು ಓದಿಸಿ ಕೇಳುತ್ತಿರುವ ಅಜ್ಜ ಅಜ್ಜಿಯರೇ, ಚಳಿ ಶುರುವಾಯಿತೆಂದರೆ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ರೂಮ್ ಹೀಟರ್‌ಗಳ ಸಾಲು ನಿಲ್ಲುತ್ತದೆ. ನಾನು ಬ್ಯಾಂಕಿನಲ್ಲಿ ಇನ್ನೊಬ್ಬರ ದುಡ್ಡು ಎಣಿಸಿಯೇ ತಲೆ ನರೆಸಿಕೊಂಡವನು. ಮಾರುವವನ ಮಾತಿಗಿಂತ ಮೊದಲು ಡಬ್ಬದ ಮೇಲಿನ ಅಂಕಿ ನೋಡುವುದು ನನ್ನ ಅಭ್ಯಾಸ. ಹೀಟರ್ ವಿಷಯದಲ್ಲಿ ನೋಡಬೇಕಾದ ಅಂಕಿ ವಾಟ್.

1000 ವಾಟ್ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವಾಟ್‌ನದಾದರೆ ಅರ್ಧ ಗಂಟೆಗೇ ಒಂದು ಯೂನಿಟ್. ‘ಇದು ಕಡಿಮೆ ಕರೆಂಟಿನಲ್ಲಿ ಜಾಸ್ತಿ ಶಾಖ ಕೊಡುತ್ತೆ ಸಾರ್’ ಅಂದರೆ ನಕ್ಕು ಸುಮ್ಮನಾಗಿ. ಕರೆಂಟ್ ಉಳಿಸುವ ಬಲ್ಬ್ ಉಂಟು, ಫ್ಯಾನ್ ಉಂಟು; ಅವುಗಳಲ್ಲಿ ಬಿಸಿಯಾಗಿ ಹೋಗುವುದೆಲ್ಲ ನಷ್ಟದ ಬಾಬ್ತು. ಹೀಟರಿನಲ್ಲಿ ಆ ಬಿಸಿಯೇ ನಮಗೆ ಬೇಕಾದ್ದು, ಹಾಗಾಗಿ ಉಳಿಸಲು ಅಲ್ಲಿ ನಷ್ಟವೇ ಇಲ್ಲ. ಅಗ್ಗದ ಹೀಟರಾಗಲಿ ದುಬಾರಿಯದಾಗಲಿ, ಒಂದು ಯೂನಿಟ್‌ಗೆ ಕೊಡುವ ಶಾಖ ಒಂದೇ. (ಚಳಿಗಾಲದಲ್ಲಿ ಬಿಸಿ ಗಾಳಿ ಕೊಡುವ ಏಸಿಯ ಕೆಲಸ ಬೇರೆ ಥರ, ಅದನ್ನು ಇನ್ನೊಂದು ವಾರ ನೋಡೋಣ.)

ಹಾಗಾದರೆ ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಯಾಕೆ? ಶಾಖವನ್ನು ನಮ್ಮ ಹತ್ತಿರ ತಲುಪಿಸುವ ರೀತಿ ಬೇರೆ. ಕೆಂಪಗೆ ಹೊಳೆಯುವ ರಾಡ್‌ನದು ಜಗಲಿಯ ಎಳೆಬಿಸಿಲಿನ ಹಾಗೆ: ಎದುರಿಗೆ ಕೂತವರಿಗೆ ಕೂಡಲೇ ಬೆಚ್ಚಗೆ, ಬೆನ್ನಿಗೆ ಮಾತ್ರ ಚಳಿ. ಫ್ಯಾನ್ ಇರುವ ಬ್ಲೋವರ್ ಚಿಕ್ಕ ಕೋಣೆಯನ್ನು ಬೇಗ ಬಿಸಿ ಮಾಡುತ್ತದೆ, ಆದರೆ ಗುಯ್‌ಗುಟ್ಟುತ್ತದೆ, ಆರಿಸಿದೊಡನೆ ಕೋಣೆ ಮತ್ತೆ ತಣ್ಣಗೆ. ಮೂರನೆಯದು ಎಣ್ಣೆ ತುಂಬಿದ ರೇಡಿಯೇಟರ್. ಉದ್ದುದ್ದ ಫಿನ್‌ಗಳ, ಚಕ್ರ ಇರುವ, ಭಾರದ ಸಾಮಾನು. ಬಿಸಿಯಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಆರಿಸಿದ ಮೇಲೂ ಸ್ವಲ್ಪ ಹೊತ್ತು ಕಾವು ಉಳಿಯುತ್ತದೆ. ಒಳಗಿನ ಎಣ್ಣೆ ಉರಿಯುವುದಿಲ್ಲ, ಖರ್ಚೂ ಆಗುವುದಿಲ್ಲ. ‘ವರ್ಷಕ್ಕೆ ಎಷ್ಟು ಲೀಟರ್ ಹಾಕಬೇಕು?’ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಏನೂ ಹಾಕಬೇಕಿಲ್ಲ.

ಕಳೆದ ವರ್ಷ ನನ್ನ ಅಕ್ಕನಿಗೆ ಹೀಟರ್ ಆರಿಸುವ ಕೆಲಸ ನನಗೂ ಏಳನೇ ಕ್ಲಾಸಿನ ಮೊಮ್ಮಗಳಿಗೂ ಬಿತ್ತು. ಅಕ್ಕ ಇರುವುದು ಮಡಿಕೇರಿಯಲ್ಲಿ, ಒಬ್ಬಳೇ. ವಯಸ್ಸು ಎಂಬತ್ತೊಂದು, ಸಕ್ಕರೆ ಕಾಯಿಲೆ, ಮಂಡಿನೋವು. ‘ಕರೆಂಟ್ ಬಿಲ್ಲಿಗೆ ದುಡ್ಡು ಸುರಿಯೋದು ಯಾಕೆ’ ಎಂದು ರಾತ್ರಿ ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು, ಕಿಟಕಿ ಬಾಗಿಲು ಭದ್ರ ಮಾಡಿ ಮಲಗುತ್ತಿದ್ದಳು. ಇದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು. ಮನೆಯಲ್ಲಿ ಹೀಗೆ ಮಾಡುವ ಹಿರಿಯರಿದ್ದರೆ, ಮಕ್ಕಳೇ, ಇವತ್ತೇ ಜಗಳ ಮಾಡಿ. ಅಪ್ಪ ಅಮ್ಮ ಬೈದರೂ ನನ್ನ ಹೆಸರು ಹೇಳಿ.

ಅಕ್ಕನನ್ನು ಒಪ್ಪಿಸಿದ್ದು ನನ್ನ ಉಪದೇಶವಲ್ಲ, ಮೊಮ್ಮಗಳ ಲೆಕ್ಕ.

‘ದೊಡ್ಡಜ್ಜಿ, ನಿಮ್ಮ ಕೋಣೆ ಹತ್ತಕ್ಕೆ ಹನ್ನೆರಡು ಅಡಿ, ಅಂದರೆ 120 ಚದರ ಅಡಿ. ಚದರ ಅಡಿಗೆ 10 ವಾಟ್ ಅಂತ ಹಿಡಿದರೆ 1200 ವಾಟ್ ಸಾಕು. ಮಲಗೋಕೆ ಮುಂಚೆ ಎರಡು ಗಂಟೆ ಹಾಕಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72.’

‘ಗೃಹಜ್ಯೋತಿ ಇದೆಯಲ್ಲ, ಪುಕ್ಕಟೆ ತಾನೆ?’ ಅಂದಳು ಅಕ್ಕ.

ಇಲ್ಲಿ ಗುಮಾಸ್ತ ಬಾಯಿ ಹಾಕಲೇಬೇಕಾಯಿತು. ಪುಕ್ಕಟೆ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ಅಕ್ಕನ ಸರಾಸರಿ 70, ಹಾಗಾಗಿ 77 ಯೂನಿಟ್. ಹೀಟರ್ ಸೇರಿ 142 ಆದರೆ, ಮಿಕ್ಕ 65ಕ್ಕೆ ದುಡ್ಡು ಕೊಡಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಯೂನಿಟ್‌ಗೆ ಆರು ರೂಪಾಯಿ ಎಂದು ಹಿಡಿದೆವು (ನಿಮ್ಮ ದರ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ): 390 ರೂಪಾಯಿ. ಅದೇ 2000 ವಾಟ್‌ನಲ್ಲಿ ದಿನಾ ನಾಲ್ಕು ಗಂಟೆ ಉರಿಸಿದರೆ ಹೀಟರ್ ಒಂದೇ 240 ಯೂನಿಟ್. ಒಟ್ಟು 310. ತಿಂಗಳ ಬಳಕೆ 200 ದಾಟಿತೆಂದರೆ ಪುಕ್ಕಟೆ ಭಾಗವೂ ಇಲ್ಲ, ಇಡೀ ಬಿಲ್ ನಮ್ಮದೇ. 1860 ರೂಪಾಯಿ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘390ರದ್ದೇ ತಗೊಂಡು ಬನ್ನಿ’ ಅಂದಳು.

ತಂದದ್ದು ರೇಡಿಯೇಟರ್. ಪೂರ್ತಿ 2000 ವಾಟ್, ಆದರೆ ಕಮ್ಮಿ ಮಾಡುವ ಗುಂಡಿ ಇದೆ. ಕೋಣೆ ಬೆಚ್ಚಗಾದಾಗ ತಾನೇ ನಿಲ್ಲುವ ಥರ್ಮೋಸ್ಟಾಟ್ ಇದೆ. ಉರುಳಿ ಬಿದ್ದರೆ ಆಫ್ ಆಗುತ್ತದೆ. ರಾಡ್‌ನದನ್ನು ಬೇಡ ಅಂದದ್ದಕ್ಕೆ ಕಾರಣವಿದೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಅನೇಕರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ. ಕಾಲು ಚಾಚಿ ಕೂತು, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ರೇಡಿಯೇಟರ್ ಕೂಡ ಮುಟ್ಟಿದರೆ ಸುಡುವಷ್ಟು ಬಿಸಿಯೇ, ಆದರೆ ಉರಿಯುವ ರಾಡಿನಷ್ಟಲ್ಲ. ಅದರ ಮೇಲೆ ಒದ್ದೆ ಟವೆಲ್, ಸ್ವೆಟರ್ ಹಾಕುವ ಚಾಳಿ ಮಾತ್ರ ಬೇಡ. ಪರದೆ, ಹಾಸಿಗೆ, ಪುಸ್ತಕ ಎಲ್ಲವೂ ಮೂರಡಿ ದೂರ ಇರಲಿ.

ಪ್ಲಗ್ಗಿನದೇ ದೊಡ್ಡ ಕಥೆ. ಅಕ್ಕನ ಕೋಣೆಯಲ್ಲಿದ್ದದ್ದು ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್, 6 ಆಂಪಿಯರ್. ನಮ್ಮ ವೋಲ್ಟೇಜ್ 230. ಆರರಿಂದ ಗುಣಿಸಿದರೆ 1380 ವಾಟ್. 2000 ವಾಟ್ ಹೀಟರ್ ಎಳೆಯುವುದು ಸುಮಾರು 8.7 ಆಂಪಿಯರ್. ಹಾಗಾಗಿಯೇ ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ ಇರುವುದು. ‘ಕನ್ವರ್ಟರ್ ಹಾಕ್ಕೊಳ್ಳಿ, ಎಲ್ರೂ ಹಾಕ್ತಾರೆ’ ಎಂದ ಅಂಗಡಿ ಹುಡುಗ. ಎಲ್ಲರೂ ಹಾಕುತ್ತಾರೆ, ನಿಜ. ಕರಗಿದ ಎಕ್ಸ್‌ಟೆನ್ಷನ್ ಬಾಕ್ಸ್‌ಗಳೂ ಹಾಗೆಯೇ ಆಗುವುದು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಬೋರ್ಡಿನಿಂದ ಬೇರೆ ದಪ್ಪ ವೈರ್ ಎಳೆಸಿ, ಅರ್ಥಿಂಗ್ ನೋಡಿಸಿ, ದೊಡ್ಡ ಸಾಕೆಟ್ ಹಾಕಿಸಿದೆವು. ಹೀಟರ್ ಬಜೆಟ್ಟಿನಲ್ಲಿ ಈ ಖರ್ಚನ್ನೂ ಮೊದಲೇ ಬರೆದುಕೊಳ್ಳಿ.

ಹೀಟರ್ ಗಾಳಿಯಲ್ಲಿನ ಆಮ್ಲಜನಕ ತಿನ್ನುತ್ತದೆ ಎಂದು ಅಕ್ಕನ ಪಕ್ಕದ ಮನೆಯವರು ಹೆದರಿಸಿದ್ದರಂತೆ. ಕರೆಂಟಿನ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಆ ಭಯ ಬೇಡ. ಗಾಳಿ ಬಿಸಿಯಾದಾಗ ಒಣಗಿದ ಹಾಗಾಗಿ ಗಂಟಲು ಕೆರೆಯುತ್ತದೆ, ಅಷ್ಟೇ. ಕಿಟಕಿ ಒಂದಿಷ್ಟು ತೆರೆದಿದ್ದರೆ ಒಳ್ಳೆಯದು.

ಮಲಗಿದ ಮೇಲೆ ಅಕ್ಕ ಹೀಟರ್ ಆರಿಸುತ್ತಾಳೆ. ಕಾಲಿಗೆ ಬಿಸಿನೀರಿನ ಚೀಲ, ಅದರ ಸುತ್ತ ದಪ್ಪ ಬಟ್ಟೆ. ಆ ಒಂದೂವರೆ ಲೀಟರ್ ನೀರನ್ನು ಕರೆಂಟಿನ ಕೆಟಲ್‌ನಲ್ಲಿ ಕಾಯಿಸಿದರೆ ಒಂದು ಯೂನಿಟ್‌ನ ಸುಮಾರು ಹತ್ತರಲ್ಲೊಂದು ಭಾಗ ಸಾಕು. ಕುದಿಯುವ ನೀರು ತುಂಬಬೇಡಿ.

ಮಕ್ಕಳೇ, ಈ ವಾರದ ಕೆಲಸ: ಮನೆಯ ಹೀಟರ್, ಇಸ್ತ್ರಿಪೆಟ್ಟಿಗೆ, ಗೀಸರ್ ಮೇಲೆ ಬರೆದ ವಾಟ್ ಓದಿ 230ರಿಂದ ಭಾಗಿಸಿ, ಎಷ್ಟು ಆಂಪಿಯರ್ ಎಂದು ಬರೆದಿಡಿ. ಐಎಸ್‌ಐ ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ. ದೊಡ್ಡವರ ಮೊಬೈಲಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ಹಾಕಿಸಿ, ಅದು ಅಸಲಿಯೇ ಎಂದು ನೋಡಿ. ನಮ್ಮ ಅಂಗಡಿಯಲ್ಲಿ ಮೊಮ್ಮಗಳು ಅಲ್ಲೇ ನಿಂತು ಅದನ್ನು ನೋಡಲು ಶುರು ಮಾಡಿದಾಗ ಆ ಹುಡುಗ, ‘ತಾತ, ಇವಳನ್ನ ಇನ್ಮೇಲೆ ಕರ್ಕೊಂಡ್ ಬರ್ಬೇಡಿ’ ಎಂದು ನಗುತ್ತಲೇ ಒಳಗಿನಿಂದ ಇನ್ನೊಂದು ಡಬ್ಬ ತಂದಿಟ್ಟ.